ಎಡಗೈಗೆ ಕೊಡಬೇಕಾದದ್ದು

"ಕಿಸೆಯಲ್ಲಿ ಏನಿದೆ? ತೆಗೀರಿ, ನೋಡೋಣ."

ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಕೈ ಚಾಚಿದಾಗ ಈರಪ್ಪ ಹಿಂದೆ ಸರಿದ. ಒಳಕಿಸೆಯಲ್ಲಿದ್ದ ಕೆಂಪು ಬಟ್ಟೆಯ ಗಂಟನ್ನು ಅಂಗೈಯಿಂದ ಒತ್ತಿ ಹಿಡಿದ. ರಾತ್ರಿಯಿಡೀ ಬಸ್ಸಿನಲ್ಲೂ ಹಾಗೆಯೇ ಹಿಡಿದು ಕೂತಿದ್ದ.

"ಅದು ನಂದಲ್ಲರಿ. ಒಳಗ ನನ್ನ ಗೆಳೆಯ ಅದಾನ, ಕಾಶಿನಾಥ ಅಂತ. ನಮ್ಮ ತಂಬೂರ ಊರಾವ. ಅವನ ಕೈಯಾಗ ಕೊಟ್ಟು ಹೋಗ್ತೀನಿ."

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಯಜಮಾನ್ರೇ. ಪರ್ಮಿಶನ್ ಇಲ್ಲದೆ ಒಳಗೆ ಬಿಡಲ್ಲ."

ಕಲಘಟಗಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ ಈರಪ್ಪ, "ಬೆಂಗಳೂರು ನೋಡಾಕ ಹೊಂಟೀನಿ, ಶನಿವಾರ-ಐತವಾರ. ಗೆಳೆಯ ಅದಾನಲ್ಲ," ಎಂದಿದ್ದ. ಚಹಾದಂಗಡಿಯಲ್ಲಿ ಒಬ್ಬ ಹಲ್ಲು ಕಿರಿದ. "ಲೇ ಈರ್ಯಾ, ಎಪ್ಪತ್ತಕ್ಕ ಕಾಲೇಜು ಸೇರ್ಯಾನಲ್ಲೋ ನಿನ್ನ ಗೆಳೆಯಾ! ಹುಡುಗ್ಯಾರ ನಡುವ ಆರಾಮ ಮಲಗಿರಬೇಕು." ಈರಪ್ಪ ಅರ್ಧ ಕುಡಿದ ಚಹಾ ಚೆಲ್ಲಿ ಎದ್ದು ಬಂದಿದ್ದ.

ಆದರೂ ತಪ್ಪು ಕಾಶಿನಾಥನದೇ. ನಾಲ್ಕು ದಿನದ ಚಿಕಿತ್ಸೆಗೆಂದು ಬಂದವನು ಇಲ್ಲೇ ಉಳಿದುಬಿಟ್ಟ. ಹೆಂಡತಿಯನ್ನು ಕೇಳಲಿಲ್ಲ, ಚಡ್ಡಿ ದೋಸ್ತನನ್ನು ಕೇಳಲಿಲ್ಲ. ಇಲ್ಲಿಯವರು ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿಕೊಟ್ಟ. ಅಂದಿನಿಂದ ಅವನ ಹೆಂಡತಿ ಕಸ್ತೂರೆವ್ವನದು ಒಪ್ಪತ್ತಿನ ಊಟ. ಹಣೆಯ ಮೇಲೆ ವಿಭೂತಿಯಷ್ಟೇ. ಮೊನ್ನೆ ಅವಳೇ ಈರಪ್ಪನ ಮನೆಗೆ ಬಂದು ಗಂಟು ಕೊಟ್ಟಳು.

"ಕೊರಳಾಗ ಇರೂವಂಥದ್ದು ಅಣ್ಣಾರ, ಹಿಂಗ ಪೆಟ್ಟಿಗ್ಯಾಗ ಬಿದ್ದಿರಬಾರದು. ಅವರ ಎಡಗೈಯಾಗ ಇಟ್ಟು ಬರ್ರಿ. ಮತ್ತ್ಯಾರ ಕೈಗೂ ಬ್ಯಾಡ."

"ಅವಂಗ ಏನರೆ ಹೇಳೂದೈತೇನು ತಂಗಿ?"

"ಹೇಳೂ ಮಾತು ಮುಗದಾವು. ಇದೊಂದು ಮುಟ್ಟಿದ್ರ ನನ್ನ ಗಂಟಲದಾಗ ಅನ್ನ ಇಳೀತದ."

ಅವಳು ಕಟ್ಟಿಕೊಟ್ಟ ಬುತ್ತಿಯೂ ಒಬ್ಬನಿಗಾಗುವಷ್ಟೇ ಇತ್ತು. ಗಂಡನಿಗೆಂದು ಒಂದು ರೊಟ್ಟಿಯ ಚೂರನ್ನೂ ಇಟ್ಟಿರಲಿಲ್ಲ.

ಗೇಟಿನಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ನಿಂತಳು. "ಅಜ್ಜಾರ, ನಿಮ್ಮ ಮಾತು ಕೇಳಿ ನಿಂತೆ. ನಂದೂ ಆ ಕಡಿನಽ ರಿ, ನವಲಗುಂದ. ಅರ್ಫಾ ಅಂತ. ಇಲ್ಲಿ ಡಾಕ್ಟರಕಿ ಓದಾಕತ್ತೀನಿ. ಯಾರು ಬೇಕಾಗಿತ್ತು?"

ಈರಪ್ಪ ಗುರುತು ಹೇಳಿದ. ಎತ್ತರದ ಆಳು. ಅಗಲ ಹಣೆ. ಎಡಗೈ ಹೆಬ್ಬೆರಳ ಬುಡದಲ್ಲಿ ಕುಡಗೋಲು ಹಾಯ್ದ ಕಲೆ, ಭತ್ತ ಕೊಯ್ಯುವಾಗ ಆದದ್ದು.

ಹುಡುಗಿ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತಳು. "ಅವರಽ ನಮ್ಮ ಗುರುಗಳ್ರಿ," ಎಂದಳು.

"ಏಳನೇ ಇಯತ್ತೆ ಮುಲ್ಕಿ ಪರೀಕ್ಷಾದಾಗ ಮೂರು ಸಲ ಫೇಲಾದಾವ! ಡಾಕ್ಟರ ಮಂದಿಗೆ ಏನು ಕಲಸ್ತಾನವಾ?"

"ಪುಸ್ತಕದಾಗ ತಿಳೀದಿದ್ದನ್ನ ಕಲಸ್ತಾರ್ರಿ. ಎಷ್ಟು ತ್ರಾಸ ಕೊಟ್ಟರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ." ಅವಳು ದನಿ ತಗ್ಗಿಸಿದಳು. "ಇವತ್ತು ಹುಡುಗರೆಲ್ಲ ಅವರ ಸುತ್ತಽ ಇರ್ತಾರ. ನಾಳೆ ಬರ್ರಿ. ನಮ್ಮ ಮೇಡಮ್ಮಾರ ಪರವಾನಗಿ ತಗೊಂಡಿರ್ತೀನಿ."

ಇಡೀ ದಿನ ಕಳೆಯಬೇಕಿತ್ತು. ಈರಪ್ಪ ಊರು ನೋಡಿದ. "ಒಮ್ಮೆ ಇಬ್ಬರೂ ಕೂಡಿ ಬೆಂಗಳೂರು ನೋಡೂಣಲೇ" ಎಂದು ಕಾಶಿನಾಥ ಮೀಸೆ ಮೂಡಿದಾಗಿನಿಂದ ಅನ್ನುತ್ತಿದ್ದ. ಒಂದು ವರ್ಷ ಬಿತ್ತನೆ ಅಡ್ಡ ಬಂತು, ಒಂದು ವರ್ಷ ಮಗಳ ಮದುವೆ. ಆಮೇಲೆ ಇಬ್ಬರಿಗೂ ಮೊಣಕಾಲು ನೋವು. ವಿಧಾನಸೌಧವನ್ನು ಈರಪ್ಪ ರಸ್ತೆಯ ಆಚೆಯಿಂದ ನೋಡಿದ. ಮೆಟ್ರೋದಲ್ಲಿ ಪಕ್ಕದ ಸೀಟಿನ ಮೇಲೆ ಬುತ್ತಿಯ ಚೀಲ ಇಟ್ಟು ಜಾಗ ಹಿಡಿದ. ಹೆಂಗಸೊಬ್ಬಳು "ಯಾರಾದ್ರೂ ಬರ್ತಾರಾ?" ಎಂದು ಕೇಳಿದಾಗ ನಾಚಿ ಎತ್ತಿಕೊಂಡ. ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ರೊಟ್ಟಿ ಮುರಿದ. ಕೆಳಗೆ ಊರು ಕೊನೆಯಿಲ್ಲದೆ ಹರಡಿತ್ತು.

"ನೀ ಮೊದಲ ಬಂದುಬಿಟ್ಟಿ. ನನ್ನ ಕರೀಲಿಲ್ಲ ನೋಡು," ಎಂದ ಗಟ್ಟಿಯಾಗಿ. ಪಕ್ಕದಲ್ಲಿದ್ದ ಜೋಡಿಯೊಂದು ಎದ್ದು ದೂರ ಹೋಗಿ ಕೂತಿತು.

ಮರುದಿನ ಬೆಳಿಗ್ಗೆ ಅರ್ಫಾ ಗೇಟಿನಲ್ಲೇ ಕಾಯುತ್ತಿದ್ದಳು. ಉದ್ದನೆಯ ಪಡಸಾಲೆ. ಎಲ್ಲೂ ಜನವಿಲ್ಲ. ಮುಂದೆ ಹೋದಂತೆ ಎಂಥದೋ ಘಾಟು ಮೂಗಿಗೆ ಹತ್ತಿ ಈರಪ್ಪನ ಕಣ್ಣಲ್ಲಿ ನೀರು ತಂದಿತು. ಕಡೆಯ ಬಾಗಿಲ ಬಳಿ ಹುಡುಗಿ ಚಪ್ಪಲಿ ಬಿಟ್ಟಳು. ಅವನೂ ಬಿಟ್ಟ.

"ಎಡಗೈಯಾಗಽ ಇಡಬೇಕೇನ್ರಿ ಅಜ್ಜಾರ?"

"ಎಡಗೈಯಾಗಽ. ನಮ್ಮ ಪದ್ಧತಿ ಅದು."

"ಹಂಗಾರ ಚಲೋ ಹೊತ್ತಿಗೆ ಬಂದ್ರಿ. ನಾಳೆ ಬಂದಿದ್ರ ತಡಾ ಆಗ್ತಿತ್ತು. ಮೇಡಮ್ಮಾರು ಒಪ್ಪ್ಯಾರ, ಇನ್ನ ಆ ಕೈ ಯಾರೂ ಮುಟ್ಟಂಗಿಲ್ಲ. ನಾ ಅದೀನಿ."

ಒಳಗೆ ಹೋಗಿ ಈರಪ್ಪ ಗಂಟು ಬಿಚ್ಚಿದ. ಕಸ್ತೂರೆವ್ವನ ತಾಳಿಯಲ್ಲ, ಬೆಳ್ಳಿಯ ಕರಡಿಗೆ. ಅದರೊಳಗಿನ ಇಷ್ಟಲಿಂಗ ಹುಡುಗತನದಿಂದ ಕಾಶಿನಾಥನ ಎದೆಯ ಮೇಲಿದ್ದದ್ದು, ಅವನು ಹೋದಲ್ಲೆಲ್ಲ ಹೋಗಬೇಕಾದದ್ದು, ಕಡೆಗೆ ಎಡ ಅಂಗೈಯಲ್ಲಿ ಮಣ್ಣು ಸೇರಬೇಕಾದದ್ದು. ಅವನ ಅಂಗಿ, ಧೋತರ, ಕೈಗಡಿಯಾರಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಅದೂ ತಂಬೂರಿಗೆ ಮರಳಿತ್ತು.

"ಕೈ ಬಿಚ್ಚಲೇ ಕಾಶ್ಯಾ," ಎಂದ ಈರಪ್ಪ.

ಬೆರಳುಗಳು ಸಡಿಲವಾಗಲಿಲ್ಲ. ಅರ್ಫಾ ಒಂದೊಂದಾಗಿ ಬಿಡಿಸಿಕೊಟ್ಟಳು.

ಉಕ್ಕಿನ ಮೇಜಿನ ಮೇಲೆ, ಹೋದ ಕಾರ್ತಿಕದಲ್ಲಿ ತೀರಿಕೊಂಡ ಕಾಶಿನಾಥನ ಮೈಯಲ್ಲಿ, ವಿದ್ಯಾರ್ಥಿಗಳ ಚಾಕು ಇನ್ನೂ ಮುಟ್ಟದೆ ಉಳಿದದ್ದು ಆ ಎಡಗೈ ಒಂದೇ.