ಗುರುತಿಗಿಟ್ಟ ಕೊಲ್ಹಾಪುರಿ

ಮೂರನೇ ಸಲವೂ ಇನ್ನೂರು ಕಿಲೋ ತೂಕದ ಬೈಕು ಮುಕ್ತಾಳ ಕೈಮೀರಿ ಬಿತ್ತು. ಬಿದ್ದದ್ದು ಮತ್ತೆ ಗಂಡನ ಚಪ್ಪಲಿಯ ಪಕ್ಕಕ್ಕೇ. ಧನಕವಡಿಯ ಮೈದಾನದಲ್ಲಿ ನಿಧಾನವಾಗಿ ತಿರುಗಿಸುವುದನ್ನು ಕಲಿಸಲೆಂದು ವಿನೀತ ತನ್ನ ಹೊಸ ಕೊಲ್ಹಾಪುರಿ ಜೋಡನ್ನೇ ಸುತ್ತಿ ಬರಬೇಕಾದ ಗುರುತಿಗೆ ಇಟ್ಟಿದ್ದ.

“ತುಳದಿ ಅಂದ್ರ ನೋಡು ಮತ್ತ,” ಎಂದು ಬರಿಗಾಲಲ್ಲಿ ನಿಂತೇ ಗದರಿದ. “ಹೆಣ್ಣಮಕ್ಕಳಿಗೆ ಯಾಕ ಬೇಕ ಇಂಥಾ ಗಾಡಿ?”

ಮುಕ್ತಾಳ ಮೈಯೆಲ್ಲ ಉರಿಯಿತು. ತುಳಿದೇನೆಂಬ ಅಂಜಿಕೆಯಲ್ಲಿ ಮೂರು ಸಲವೂ ಅವಳು ಚಪ್ಪಲಿಯನ್ನೇ ನೋಡಿದ್ದಳು. ಕಣ್ಣು ಹೋದತ್ತಲೇ ಬೈಕೂ ವಾಲಿತ್ತು.

“ಸುಮ್ಮ ನಿಂದರ್ರಿ ಒಂದೀಟು,” ಎಂದವಳೇ ಬೈಕನ್ನು ಎತ್ತಿ ನಿಲ್ಲಿಸಿ ಹತ್ತಿದಳು. ಕ್ಲಚ್ಚನ್ನು ಅರ್ಧ ಬಿಟ್ಟು, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ, ನೋಟವನ್ನು ದೂರದ ಗೇಟಿಗೆ ನೆಟ್ಟಳು. ಬೈಕು ನಡುಗದೆ ಪೂರ್ತಿ ತಿರುಗಿತು. ಹಿಂದಿನ ಗಾಲಿಯಡಿ ಏನೋ ಚಪ್ಪಟೆಯಾದದ್ದು ಗೊತ್ತಾಯಿತು. ಮುಕ್ತಾ ಕೆಳಗೆ ನೋಡಲಿಲ್ಲ.