ಅತ್ತೆಯ ಅತಿಥಿ ಖಾತೆ

"ಅಳಿಯಂದ್ರೇ, ನಿಮ್ಮ ಖಾತೆ ಅಳಿಸ್ಲಾ ಅಂತ ಕೇಳ್ತಿದೆ. ಹೂಂ ಅನ್ಲಾ?"

ಕಂಪ್ಯೂಟರಿನ ಕೀಲಿಯ ಮೇಲೆ ಅತ್ತೆ ಬೆರಳು ಎತ್ತಿ ಹಿಡಿದದ್ದು ಕಂಡು ಅಳಿಯನಿಗೆ ಕಾಫಿ ನೆತ್ತಿಗೇರಿತು. ಅದರೊಳಗಿನ ಹೊಸ ವ್ಯವಸ್ಥೆಗೆ ಯಾರೂ ನುಗ್ಗದಂತೆ ಕಾವಲು ಹಾಕಿದವನೇ ಅವನು. ಇರುವೆಯೂ ನುಸುಳುವುದಿಲ್ಲವೆಂದು ಊಟದ ಹೊತ್ತಿನಲ್ಲಿ ಜಂಬ ಕೊಚ್ಚಿ, ಫೋಟೊ ನೋಡಲಷ್ಟೇ ಆಗುವ ಅತಿಥಿ ಖಾತೆಯನ್ನು ಅತ್ತೆಗೆ ಕೊಟ್ಟಿದ್ದ.

"ಮುಟ್ಬೇಡಿ! ನನ್ನ ಕೆಲಸವೆಲ್ಲ ಅದ್ರಲ್ಲೇ ಇದೆ. ಏನು ಒತ್ತಿದ್ರಿ?"

"ಅಕ್ಷರ ಕಾಣ್ಲಿಲ್ಲ, ಭೂತಗನ್ನಡಿ ಚಿತ್ರ ಒತ್ತಿದೆ. ಸಹಾಯ ಬೇಕಾ ಅಂತು, ಬೇಕು ಅಂದೆ. ನನ್ನನ್ನೇ ಯಜಮಾನಿ ಮಾಡಿ, ಹಳೇ ಯಜಮಾನರನ್ನ ತೆಗೀಲಾ ಅಂತು. ಯಂತ್ರಕ್ಕಾದ್ರೂ ಗೊತ್ತಾಯ್ತಲ್ಲ!"

ವ್ಯವಸ್ಥೆಯ ಪರೀಕ್ಷೆಗೆ ಸುಲಭವಾಗಲೆಂದು ತಾನೇ ಭೂತಗನ್ನಡಿಗೆ ಪೂರ್ತಿ ಅಧಿಕಾರ ಕೊಟ್ಟು ಮರೆತಿದ್ದನ್ನು ನೆನೆದು ಅಳಿಯ ಕೈಮುಗಿದ. "ಬೇಡ ಅನ್ನಿ, ಅತ್ತೆ."

ಅತ್ತೆಯ ಬೆರಳು ಅಲ್ಲಾಡಲಿಲ್ಲ. "ಅಂತೀನಂತೆ. ಮೊದಲು ಆ ಇರುವೆ ಕತೆ ಇನ್ನೊಂದ್ಸಲ ಹೇಳಿ."