ತೊಟ್ಟಿಲ ದಿನದ ಅಯಸ್ಕಾಂತ

ಕರಿಹಳ್ಳ ಊರಿನಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರಿಗಿಂತ ಮೊದಲು ಅಯಸ್ಕಾಂತ ಬರುತ್ತದೆ. ಕಾರ್ಖಾನೆಯ ಹೊಗೆ ಕುಡಿದು ಊರಿನವರ ಮೂಳೆಯೊಳಗೆ ಲೋಹ ಕೂತು ಮೂರು ತಲೆಮಾರಾಯಿತು. ಅಯಸ್ಕಾಂತ ಅಂಗಾಲಿಗೆ ಅಂಟಿದರೆ ಕೂಸು ಊರಿನದು. ಬಿದ್ದರೆ ಮೂಳೆ ಸಪ್ಪೆ ಎಂದು ಕೊರಗಿ, ನಲವತ್ತು ದಿನ ಕಾರ್ಖಾನೆ ಹಿಂದಿನ ಹಳ್ಳದ ನೀರು ಕುಡಿಸುತ್ತಾರೆ.

ನೀಲವ್ವನ ಸೊಸೆ ಕಸ್ತೂರಿ ದೂರದ ತವರಿನಲ್ಲಿ ಹೆತ್ತು ನಿನ್ನೆಯಷ್ಟೇ ಬಂದಿದ್ದಳು.

"ತವರಿನ ನೀರು ಕುಡದು ಹಡದಾಳ. ಕೂಸು ಹತ್ತಿಯಂಗ ಹಗುರ ಐತಿ," ಎಂದು ಕೂಸಿನ ಸೋದರತ್ತೆ ಶಾಂತವ್ವ ಕಿಚಾಯಿಸಿದಳು. ಹೆಸರಿಡುವ ಸೋದರತ್ತೆಗೆ ಗುದ್ದುವ ಪದ್ಧತಿಯಂತೆ ಹೆಂಗಸರು ಶಾಂತವ್ವನ ಬೆನ್ನಿಗೆ ಗುದ್ದಿದರು. ಠಣ್ ಎಂದಿತು. ಎಲ್ಲರೂ ನಕ್ಕರು, ಕಸ್ತೂರಿಯೊಬ್ಬಳು ನಗಲಿಲ್ಲ.

ಅತ್ತೆ ನೀಲವ್ವ ಕೂಸಿನ ಅಂಗಾಲಿಗೆ ಅಯಸ್ಕಾಂತ ಹಿಡಿದಳು. ಅದು ಜಾರತೊಡಗಿತು. ನೀಲವ್ವ ಮುದ್ದು ಮಾಡುವವಳಂತೆ ಪಾದದ ಮೇಲೆ ತನ್ನ ಹೆಬ್ಬೆರಳಿಟ್ಟಳು. ಅರವತ್ತು ವರ್ಷ ಹೊಗೆ ಕುಡಿದ ಹೆಬ್ಬೆರಳು ಅದು. ಅಯಸ್ಕಾಂತ ಅಲ್ಲೇ ನಿಂತಿತು, ನಡುವೆ ಕೂಸಿನ ಮೆತ್ತನೆಯ ಪಾದ.

"ಹಿಡೀತು ನೋಡ್ರಿ," ಎಂದಳು.

ಶಾಂತವ್ವ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಊಟಕ್ಕೆ ಎದ್ದರು. ನೀಲವ್ವ ಸೊಸೆಯ ಸೆರಗು ಸರಿಮಾಡುವ ನೆವದಲ್ಲಿ ಬಗ್ಗಿದಳು.

"ನಾಳೆ ಮುಂಜಾನೆ ಬಸ್ಸಿಗೆ ತವರಿಗೆ ಹೋಗು. ಯಾವಾಗ ಬರ್ತೀ ಅಂತ ಯಾರರ ಕೇಳಿದ್ರ, ಕೂಸು ಭಾಳ ಭಾರ ಆಗೈತಿ, ಎತ್ತಿಕೊಂಡು ಬರಾಕ ಆಗವಲ್ದು ಅಂತ ಹೇಳು."